ನಾನ್‌ಪರ್ಟರ್ಬೇಟಿವ್ ಎಲೆಕ್ಟ್ರಾನ್ ಎಂದರೇನು?

ಬೆಳಕು ಮತ್ತು ಆವೇಶವುಳ್ಳ ಕಣಗಳ ಸಿದ್ಧಾಂತವಾದ ಕ್ವಾಂಟಮ್ ಎಲೆಕ್ಟ್ರೋಡೈನಮಿಕ್ಸ್‌ನಲ್ಲಿ ಎಲೆಕ್ಟ್ರಾನಿನ ಗುಣಗಳನ್ನು ಸಾಮಾನ್ಯವಾಗಿ ಆಲ್ಫಾದ (ವಿದ್ಯುತ್ಕಾಂತೀಯ ಬಲ ಎಷ್ಟೆಂದು ಹೇಳುವ ಸಂಖ್ಯೆ, ಸುಮಾರು 1/137) ಘಾತಗಳ ಸರಣಿಯಾಗಿ ಲೆಕ್ಕ ಹಾಕುತ್ತಾರೆ. ಕಾಂತೀಯ ಗುಣದ ಮೊದಲ ತಿದ್ದುಪಡಿ 0.00116 ಎಂದು 1948ರಲ್ಲಿ ಶ್ವಿಂಗರ್ ಕಂಡುಕೊಂಡದ್ದು ಹೀಗೆಯೇ. ಐದನೇ ಘಾತಕ್ಕೆ ಬರುವಷ್ಟರಲ್ಲಿ 12,672 ಫೈನ್‌ಮನ್ ಚಿತ್ರಗಳು (ಪ್ರತಿ ಚಿತ್ರವೂ ಲೆಕ್ಕದ ಒಂದು ತುಣುಕು) ಬೇಕಾಗುತ್ತವೆ. ಈ ಸರಣಿಯನ್ನೇ ಬಳಸದೆ ಎಲೆಕ್ಟ್ರಾನನ್ನು ಹ್ಯಾಮಿಲ್ಟೋನಿಯನ್‌ನ (ಒಟ್ಟು ಶಕ್ತಿಯನ್ನು ಸೂಚಿಸುವ ಗಣಿತದ ಆಪರೇಟರ್) ಐಗನ್‌ಸ್ಥಿತಿಯಾಗಿ, ಅಂದರೆ ನಿಶ್ಚಿತ ಶಕ್ತಿಯ ಸ್ಥಿತಿಯಾಗಿ, ಒಂದೇ ಏಟಿಗೆ ಬಿಡಿಸಿದರೆ ಅದು ನಾನ್‌ಪರ್ಟರ್ಬೇಟಿವ್ ಮಾದರಿ.

ಸರಣಿ ಒಮ್ಮುಖವಾಗುವುದಿಲ್ಲ ಎಂದು 1952ರಲ್ಲೇ ಡೈಸನ್ ವಾದಿಸಿದ್ದರು. ಒಮ್ಮುಖವಾಗುವುದಾದರೆ ಆಲ್ಫಾ ಸ್ವಲ್ಪ ಋಣವಾದಾಗಲೂ ಅದು ಉತ್ತರ ಕೊಡಬೇಕು. ಆದರೆ ಆಲ್ಫಾ ಋಣವಾದರೆ ಸಜಾತಿ ಆವೇಶಗಳು ಪರಸ್ಪರ ಸೆಳೆದು ನಿರ್ವಾತವೇ ಕುಸಿಯುತ್ತದೆ. ಆದರೂ ಎಲೆಕ್ಟ್ರಾನಿನ ಮಟ್ಟಿಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಸುಮಾರು 137ನೇ ಪದದ ತನಕ ಪದಗಳು ಕಿರಿದಾಗುತ್ತಲೇ ಹೋಗುತ್ತವೆ. ಹಾಗಾದರೆ ಈ ಶ್ರಮ ಯಾಕೆ? ಪ್ರೋಟಾನಿನಂಥ ಬಲವಾದ ಬಂಧದ ವ್ಯವಸ್ಥೆಗಳಲ್ಲಿ ಸರಣಿ ಕೈಕೊಡುತ್ತದೆ. ಅಲ್ಲಿ ಬಳಸಬೇಕಾದ ವಿಧಾನವನ್ನು, ಉತ್ತರ ಗೊತ್ತಿರುವ ಎಲೆಕ್ಟ್ರಾನಿನ ಮೇಲೆ ಮೊದಲು ಪರೀಕ್ಷಿಸಬಹುದು. ನನ್ನ ದೃಷ್ಟಿಯಲ್ಲಿ ಇದೇ ನಿಜವಾದ ಲಾಭ.

ಲೈಟ್‌ಫ್ರಂಟ್ ವಿಧಾನವನ್ನು (ಬೆಳಕಿನ ವೇಗದಲ್ಲಿ ಸಾಗುವ ಅಲೆಮುಖದ ಮೇಲೆ ವ್ಯವಸ್ಥೆಯನ್ನು ವಿವರಿಸುವ ಅಂಥದ್ದೊಂದು ವಿಧಾನ) ನೋಡೋಣ. ಭೌತಿಕ ಎಲೆಕ್ಟ್ರಾನ್ ಎಂದರೆ ಬರಿಯ ಎಲೆಕ್ಟ್ರಾನ್, ಎಲೆಕ್ಟ್ರಾನ್ ಜೊತೆ ಒಂದು ಫೋಟಾನ್, ಎರಡು ಫೋಟಾನ್, ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿ, ಹೀಗೆ ಕೊನೆಯಿಲ್ಲದ ಮೊತ್ತ. ಕಂಪ್ಯೂಟರ್‌ಗೆ ಅದನ್ನು ಎಲ್ಲೋ ಮೊಟಕುಗೊಳಿಸಲೇಬೇಕು. ಒಂದೇ ಫೋಟಾನ್ ಸಾಕು ಎಂದುಕೊಳ್ಳಿ. ಆಗ ಫೋಟಾನ್ ಹೊರಗಿರುವಾಗ ಎಲೆಕ್ಟ್ರಾನ್ ಇನ್ನೊಂದನ್ನು ಹೊರಸೂಸುವಂತಿಲ್ಲ, ಅಂದರೆ ಅಲ್ಲಿ ಅದಕ್ಕೆ ಸ್ವಶಕ್ತಿಯ (ತಾನೇ ಸೂಸಿದ ಫೋಟಾನನ್ನು ಮರಳಿ ಹೀರುವುದರಿಂದ ಬರುವ) ತಿದ್ದುಪಡಿಯೇ ಇಲ್ಲ. ಬರಿಯ ಎಲೆಕ್ಟ್ರಾನಿಗೆ ಮಾತ್ರ ಇದೆ. ಪೂರ್ಣ ಸಿದ್ಧಾಂತದಲ್ಲಿ ವಾರ್ಡ್ ಐಡೆಂಟಿಟಿಯಿಂದಾಗಿ (ಆವೇಶದ ಸಂರಕ್ಷಣೆಗೆ ಸಂಬಂಧಿಸಿದ ನಿಯಮ) ಒಂದನ್ನೊಂದು ಅಳಿಸುವ ಅನಂತಗಳು ಇಲ್ಲಿ ಜೊತೆಯಿಲ್ಲದೆ ಉಳಿದುಬಿಡುತ್ತವೆ. ಬೇಸಿಸ್ (ಲೆಕ್ಕಕ್ಕೆ ಬಳಸುವ ಸ್ಥಿತಿಗಳ ಗುಂಪು) ದೊಡ್ಡದಾದಷ್ಟೂ ಬರಿಯ ಎಲೆಕ್ಟ್ರಾನಿನ ಸಂಭಾವ್ಯತೆ ಕುಗ್ಗುತ್ತದೆ, ಅದರೊಂದಿಗೆ ಕಾಂತೀಯ ತಿದ್ದುಪಡಿಯೂ ಸೊನ್ನೆಯ ಕಡೆ ಜಾರುತ್ತದೆ. ಲೆಕ್ಕ ನಿಖರವಾದಷ್ಟೂ ಉತ್ತರ ಕೆಡುತ್ತದೆ!

ಪರಿಹಾರ, ಪ್ರತಿ ಸೆಕ್ಟರ್‌ಗೂ (ಬರಿಯ ಎಲೆಕ್ಟ್ರಾನ್, ಫೋಟಾನ್ ಜೊತೆಗಿನ ಎಲೆಕ್ಟ್ರಾನ್, ಹೀಗೆ ಮೊತ್ತದ ಪ್ರತಿ ಭಾಗಕ್ಕೂ) ಪ್ರತ್ಯೇಕ ದ್ರವ್ಯರಾಶಿ ತಿದ್ದುಪಡಿ ಮತ್ತು ಪ್ರತ್ಯೇಕ ‘ಬೇರ್’ ಆವೇಶ, ಅಂದರೆ ತಿದ್ದುಪಡಿಗೆ ಮುಂಚಿನ ಆವೇಶ. ಫೋಟಾನ್ ಜೊತೆಗಿರುವ ಎಲೆಕ್ಟ್ರಾನಿಗೆ ಭೌತಿಕ ದ್ರವ್ಯರಾಶಿಯನ್ನೇ ಕೊಡುತ್ತಾರೆ. ಆವೇಶದ ವರ್ಗವನ್ನು ಬರಿಯ ಎಲೆಕ್ಟ್ರಾನಿನ ಸಂಭಾವ್ಯತೆಯಿಂದ ಭಾಗಿಸುತ್ತಾರೆ. ಆಗ ಶ್ವಿಂಗರ್ ಮೌಲ್ಯ ಮರಳಿ ಸಿಗುತ್ತದೆ. ಇಲ್ಲೂ ಒಂದು ಮಿತಿಯಿದೆ. ಕಟಾಫ್ (ಲೆಕ್ಕಕ್ಕೆ ಸೇರಿಸುವ ಶಕ್ತಿಯ ಮೇಲ್ಮಿತಿ) ತೀರಾ ಹೆಚ್ಚಿಸಿದರೆ ಆ ಸಂಭಾವ್ಯತೆ ಋಣವಾಗುತ್ತದೆ. ಇದನ್ನು ಲ್ಯಾಂಡೌ ಪೋಲ್ (ಲೆಕ್ಕದಲ್ಲಿ ಆವೇಶ ಅನಂತವಾಗಿಬಿಡುವ ಶಕ್ತಿಮಟ್ಟ) ಎಂದು ತಪ್ಪು ತಿಳಿಯಬಾರದು. ಲ್ಯಾಂಡೌ ಪೋಲ್‌ಗೆ ಕಾರಣ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಗಳು, ಮತ್ತು ಒಂದು ಲೂಪ್‌ನ ಲೆಕ್ಕದಲ್ಲಿ ಅದು ಎಲೆಕ್ಟ್ರಾನ್ ದ್ರವ್ಯರಾಶಿಯ ಸುಮಾರು 10ರ 280ನೇ ಘಾತದಷ್ಟು ಎತ್ತರದಲ್ಲಿದೆ. ಜೋಡಿಗಳೇ ಇಲ್ಲದ ಈ ಮಾದರಿಯಲ್ಲಿ ದೋಷ ಬರುವುದು ಮೊಟಕುಗೊಳಿಸಿದ್ದರಿಂದಲೇ.