ಹೊಡೆದುಹಾಕಿದ ಸಾಲು ಎಲ್ಲಿ ಹೋಯಿತು?

"ಸಾರ್, ನಮಗೂ ಎಡಿಟ್ ಲಾಗ್ ಬೇಕಾ?"

ಎರಡು-ಮೂರು ವರ್ಷಗಳಿಂದ ಈ ಪ್ರಶ್ನೆ ಹಿಡಿದು ಆಡಿಟರ್ ಆಫೀಸಿನ ಮೆಟ್ಟಿಲು ಹತ್ತುವವರು ಹೆಚ್ಚಾಗಿದ್ದಾರೆ. ಅವರಲ್ಲಿ ಹಾರ್ಡ್‌ವೇರ್ ಅಂಗಡಿಯವರಿದ್ದಾರೆ, ಅಡಿಕೆ ಮಂಡಿಯವರಿದ್ದಾರೆ, ಮಗನ ಮಾತು ಕೇಳಿ ಗಿರಣಿಯನ್ನು ಪ್ರೈವೇಟ್ ಲಿಮಿಟೆಡ್ ಮಾಡಿಸಿಕೊಂಡ ಅಕ್ಕಿ ವ್ಯಾಪಾರಿಗಳಿದ್ದಾರೆ. ಒಬ್ಬ ಆಡಿಟರ್ 'ಬೇಕೇ ಬೇಕು' ಅಂದರೆ ಪಕ್ಕದ ಬೀದಿಯವರು 'ಅದು ಕಂಪನಿಗಳಿಗೆ ಮಾತ್ರ' ಅನ್ನುತ್ತಾರೆ. ಸಾಫ್ಟ್‌ವೇರ್ ಮಾರುವವರು 'ಹೊಸ ಆವೃತ್ತಿ ಹಾಕಿಸಿಬಿಡಿ, ತಲೆನೋವೇ ಇರಲ್ಲ' ಎಂದು ಮೂರನೆಯ ಉತ್ತರ ಕೊಡುತ್ತಾರೆ. ಮೂವರ ಮಾತಿನಲ್ಲೂ ಅಷ್ಟಿಷ್ಟು ನಿಜವಿದೆ. ಗೊಂದಲ ಹುಟ್ಟಿರುವುದೇ ಅಲ್ಲಿ.

ಎಡಿಟ್ ಲಾಗ್ ಎಂದರೆ ದೊಡ್ಡ ರಹಸ್ಯವೇನೂ ಅಲ್ಲ. ಒಂದು ವೋಚರಿನಲ್ಲಿ, ಅಂದರೆ ಒಂದು ವ್ಯವಹಾರದ ನಮೂದಿನಲ್ಲಿ, ಮೊದಲು ಏನಿತ್ತು, ಆಮೇಲೆ ಏನಾಯಿತು, ಯಾವ ದಿನ ಯಾರ ಲಾಗಿನ್‌ನಿಂದ ಬದಲಾಯಿತು ಎಂಬುದನ್ನು ಸಾಫ್ಟ್‌ವೇರ್ ತಾನಾಗಿಯೇ ಬರೆದಿಟ್ಟುಕೊಳ್ಳುವ ದಾಖಲೆ. ಅಳಿಸಿದ ಎಂಟ್ರಿಯೂ ಅದರಲ್ಲಿ ಸಿಗುತ್ತದೆ.

ಕಾಗದದ ಕಾಲದಲ್ಲಿ ಇದಕ್ಕೊಂದು ಹೆಸರು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ದಿನದ ವ್ಯವಹಾರ ಬರೆಯುವ ಕಿರ್ದಿಯಲ್ಲಿ ತಪ್ಪಾದರೆ ಗುಮಾಸ್ತರು ಅಂಕಿಯ ಮೇಲೆ ಒಂದೇ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಬದಿಯಲ್ಲಿ ಸಹಿ ಹಾಕುತ್ತಿದ್ದರು. ಹೊಡೆದುಹಾಕಿದ ಅಂಕಿ ಆಮೇಲೂ ಓದಲು ಬರಬೇಕು, ಗೀಚಿ ಕಪ್ಪು ಮಾಡಿದರೆ ಯಜಮಾನರು ಬಯ್ಯುತ್ತಿದ್ದರು. ಪುಸ್ತಕ ಹೊಲಿದದ್ದು, ಪುಟಕ್ಕೆ ಸಂಖ್ಯೆ ಇದ್ದದ್ದು. ಒಂದು ಹಾಳೆ ಕಿತ್ತರೆ ಅದರ ಜೋಡಿ ಹಾಳೆ ಸಡಿಲವಾಗಿ ಚಾಡಿ ಹೇಳುತ್ತಿತ್ತು. ಕಿರ್ದಿಯಿಂದ ಖಾತೆವಾರು ಪುಸ್ತಕವಾದ ಖತಾವಣಿಗೆ, ಖತಾವಣಿಯಿಂದ ಎರಡೂ ಬದಿ ಸರಿಹೊಂದಿತೇ ಎಂದು ನೋಡುವ ತಾಳೆಪಟ್ಟಿಗೆ ಎತ್ತಿ ಬರೆಯಬೇಕಾದ್ದರಿಂದ ಒಂದು ಸುಳ್ಳಿಗೆ ಮೂರು ಕಡೆ ತಿದ್ದುವ ಶಿಕ್ಷೆ. ಹಾಗಂತ ಆಗಿನವರೆಲ್ಲ ಸತ್ಯಹರಿಶ್ಚಂದ್ರರಾಗಿದ್ದರು ಎಂದೇನಲ್ಲ. ಸುಳ್ಳು ಲೆಕ್ಕ ಬೇಕಾದವರು ಎರಡನೆಯ ಪುಸ್ತಕವನ್ನೇ ಬರೆಸುತ್ತಿದ್ದರು. ಅಷ್ಟು ಶ್ರಮ ಪಡಬೇಕಿತ್ತು, ಅಷ್ಟೆ.

ಯಂತ್ರ ಬಂದದ್ದು ಹೊರಗಿನಿಂದ, ನಿಧಾನಕ್ಕೆ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಚಿಯೋಲಿಯ ಪುಸ್ತಕ ವಿವರಿಸಿದ ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವ ಜೋಡಿ ನಮೂದಿನ ಪದ್ಧತಿ ನಾಲ್ಕೂವರೆ ಶತಮಾನ ಶಾಯಿಯಲ್ಲೇ ನಡೆಯಿತು. 1951ರಲ್ಲಿ ಇಂಗ್ಲೆಂಡಿನಲ್ಲಿ ಚಹಾ ಅಂಗಡಿಗಳನ್ನು ನಡೆಸುತ್ತಿದ್ದ ಲಯನ್ಸ್ ಕಂಪನಿ ತನ್ನ ಬೇಕರಿ ಲೆಕ್ಕವನ್ನು ಲಿಯೋ ಎಂಬ ಕಂಪ್ಯೂಟರಿಗೆ ಒಪ್ಪಿಸಿತು. ನಮ್ಮಲ್ಲಿ 1960ರ ದಶಕದ ಆರಂಭಕ್ಕೆ ಮುಂಬಯಿಯ ಎಸ್ಸೋ ತೈಲ ಕಂಪನಿಗೆ ಐಬಿಎಂ ಯಂತ್ರ ಬಂತು. ಬ್ಯಾಂಕ್ ನೌಕರರ ಸಂಘಗಳು ತಕರಾರು ತೆಗೆದು, ಒಪ್ಪಂದವಾಗಿ, 1980ರ ದಶಕದಲ್ಲಿ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಶಾಖೆಗಳಿಗೆ ಇಳಿದವು. ಅಂಗಡಿಯವರಿಗೂ ಇದಕ್ಕೂ ಅಲ್ಲಿಯವರೆಗೆ ಸಂಬಂಧವೇ ಇರಲಿಲ್ಲ.

ಸಂಬಂಧ ಬೆಸೆದದ್ದು ಬೆಂಗಳೂರು. ಗಿರಣಿ, ಕಾರ್ಖಾನೆಗಳಿಗೆ ಕಚ್ಚಾವಸ್ತು ಮತ್ತು ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ನೀನೇ ಮಾಡು ಎಂದರು. 1986ರಲ್ಲಿ ಹೀಗೆ ಶುರುವಾದದ್ದು ಮುಂದೆ ಟ್ಯಾಲಿ ಆಯಿತು. ಪ್ರತಿ ಖಾತೆಗೂ ಒಂದೊಂದು ಸಂಕೇತ ಸಂಖ್ಯೆ ನೆನಪಿಡುವ ಕಷ್ಟ ಅದರಲ್ಲಿ ಇರಲಿಲ್ಲ. ಪಾರ್ಟಿಯ ಹೆಸರು ಟೈಪ್ ಮಾಡಿದರೆ ಸಾಕು. 'ಲೆಕ್ಕ ತಾಳೆ ಆಗಲಿಲ್ಲ' ಎನ್ನುತ್ತಿದ್ದ ಗುಮಾಸ್ತರ ಬಾಯಿಗೆ 'ಟ್ಯಾಲಿ ಆಗಲಿಲ್ಲ' ಎಂಬುದು ಎಷ್ಟು ಸಲೀಸಾಗಿ ಬಂತೆಂದರೆ, ಎರಡೂ ಒಂದೇ ಪದ ಅಂದುಕೊಂಡವರನ್ನು ನಾನು ನೋಡಿದ್ದೇನೆ.

ನಾನು ಈ ಕೆಲಸಕ್ಕೆ ಸೇರಿದ್ದು 1990ರ ದಶಕದ ಕೊನೆಗೆ, ಶಿವಮೊಗ್ಗದ ಒಂದು ಆಡಿಟರ್ ಆಫೀಸಿಗೆ. ಇಡೀ ಆಫೀಸಿಗೆ ಎರಡು ಕಂಪ್ಯೂಟರ್, ಕಿರ್ರ್ ಎಂದು ಅರಚುವ ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಡಬ್ಬಿ ತುಂಬ ಫ್ಲಾಪಿಗಳು. ಕರೆಂಟ್ ಹೋಗಿ ಬಂದರೆ ಮೊದಲ ಕೆಲಸ ಡೇಟಾ ಉಳಿದಿದೆಯೇ ಎಂದು ನೋಡುವುದು. ಪಾರ್ಟಿಗಳು ವರ್ಷಕ್ಕೊಮ್ಮೆ ಬರುತ್ತಿದ್ದರು, ಬಟ್ಟೆಯ ಕೈಚೀಲದಲ್ಲಿ ಹನ್ನೆರಡು ತಿಂಗಳ ಬಿಲ್ಲು, ಚಲನ್, ಪಾಸ್‌ಬುಕ್ ತುಂಬಿಕೊಂಡು. ತೆರಿಗೆ ಆಡಿಟ್‌ಗೆ ಆಗ ಅಕ್ಟೋಬರ್ 31 ಗಡುವು. ಅಂದರೆ ಹಿಂದಿನ ವರ್ಷದ ಏಪ್ರಿಲ್ 1ರ ದಿನಚರಿಯನ್ನು ನಾವು ಈ ವರ್ಷದ ದಸರಾ ಕಳೆದ ಮೇಲೆ ಬರೆಯುತ್ತಿದ್ದೆವು.

ಹಾಗೆ ಬರೆಯುವಾಗ ಒಂದು ವಿಚಿತ್ರ ಎದುರಾಗುತ್ತಿತ್ತು: ಆಗಸ್ಟ್ ತಿಂಗಳಲ್ಲಿ ನಗದು ಶಿಲ್ಕು, ಅಂದರೆ ಕೈಯಲ್ಲಿ ಉಳಿದ ದುಡ್ಡು, ಮೈನಸ್! ಕಿರ್ದಿ ಬರೆಯುವ ಗುಮಾಸ್ತರಿಗೆ ಇದು ಸಾಧ್ಯವೇ ಇಲ್ಲದ ಮಾತು. ಸಂಜೆ ಪೆಟ್ಟಿಗೆಯ ದುಡ್ಡು ಎಣಿಸಿ ಶಿಲ್ಕು ಬರೆಯುವವರಿಗೆ ಪೆಟ್ಟಿಗೆಯಲ್ಲಿ ಇಲ್ಲದ ದುಡ್ಡು ಖರ್ಚಾಗುವುದು ಹೇಗೆ? ಕಂಪ್ಯೂಟರಿಗೆ ಪೆಟ್ಟಿಗೆ ಕಾಣುವುದಿಲ್ಲವಲ್ಲ. ಪರಿಹಾರ ಸುಲಭ. ಎಫ್2 ಒತ್ತಿ ಜುಲೈ ತಿಂಗಳಿಗೆ ಹೋಗುವುದು, ಎಫ್6 ಒತ್ತಿ ಒಂದು ರಸೀತಿ ವೋಚರ್ ಹಾಕುವುದು: ಭಾವಮೈದುನನಿಂದ ಕೈಗಡ 19,500 ರೂಪಾಯಿ. 20,000 ಮುಟ್ಟಿದರೆ ನಗದು ಸಾಲಕ್ಕೆ ಆದಾಯ ತೆರಿಗೆ ಕಾಯ್ದೆ ಅಡ್ಡ ಬರುತ್ತಿತ್ತು. ಆ ಕಾಲದ ಲೆಕ್ಕ ತೆರೆದು ನೋಡಿದರೆ ನಮ್ಮ ಜಿಲ್ಲೆಯ ಭಾವಮೈದುನರೆಲ್ಲ ಮಹಾ ಉದಾರಿಗಳು. ಆ ಎಂಟ್ರಿಗಳನ್ನು ಹಾಕಿದ ಕೈಗಳಲ್ಲಿ ನನ್ನವೂ ಎರಡು.

ಅಳಿಸುವುದು ಇನ್ನೂ ಸುಲಭ. ಆಲ್ಟ್ ಮತ್ತು ಡಿ ಒಟ್ಟಿಗೆ ಒತ್ತಿ, 'ಹೌದು' ಅಂದರೆ ಮುಗಿಯಿತು. ವೋಚರ್ ಸಂಖ್ಯೆ ತಾನಾಗಿ ಬೀಳುವಂತೆ ಇಟ್ಟಿದ್ದರೆ 47ನೆಯದು ಹೋದ ಕೂಡಲೇ 48 ತಾನೇ 47 ಆಗುತ್ತಿತ್ತು. ನಡುವೆ ಖಾಲಿ ಜಾಗವೂ ಉಳಿಯದು. ಹೊಲಿದ ಪುಸ್ತಕದ ಜೋಡಿ ಹಾಳೆಯಂತೆ ಚಾಡಿ ಹೇಳುವುದು ಇಲ್ಲಿ ಏನೂ ಇರಲಿಲ್ಲ. ಬದಲಾವಣೆಗಳ ಮೇಲೆ ಕಣ್ಣಿಡುವ 'ಟ್ಯಾಲಿ ಆಡಿಟ್' ಎಂಬ ಸೌಲಭ್ಯ ಹಿಂದಿನಿಂದಲೂ ಆ ಸಾಫ್ಟ್‌ವೇರ್‌ನಲ್ಲೇ ಇತ್ತು ಎನ್ನುವುದು ನ್ಯಾಯ. ಆದರೆ ಅದನ್ನು ಬೇಕೆಂದವರು ಆನ್ ಮಾಡಿಕೊಳ್ಳಬೇಕಿತ್ತು. ನಾನು ಕೆಲಸ ಮಾಡಿದಲ್ಲಿ ಯಾರೂ ಬೇಕೆನ್ನಲಿಲ್ಲ. ಅಂಗಡಿಯವರಿಗೆ ಬೇಡ, ಅವರ ಲೆಕ್ಕ ಬರೆಯುವ ನಮಗೆ ಬೇಡ, ಪ್ರಿಂಟ್ ನೋಡಿ ತೃಪ್ತರಾಗುವ ಅಧಿಕಾರಿಗಳಿಗೂ ಅದರ ನೆನಪಾಗಲಿಲ್ಲ. 2001ರ ತಿದ್ದುಪಡಿಯಲ್ಲಿ ಕಂಪ್ಯೂಟರ್ ಪ್ರಿಂಟನ್ನೂ 'ಲೆಕ್ಕದ ಪುಸ್ತಕ' ಎಂದು ಆದಾಯ ತೆರಿಗೆ ಕಾಯ್ದೆ ಒಪ್ಪಿಕೊಂಡಿತು. ಸರಿಯೇ. ಆದರೆ ಪ್ರಿಂಟ್ ಯಾವಾಗಲೂ ಹೊಚ್ಚ ಹೊಸದು, ಹೊಡೆದುಹಾಕಿದ ಗೆರೆಯೇ ಇಲ್ಲದ್ದು.

ಆಮೇಲಿನ ಘಟನೆಗಳು ಬೇಗ ಬೇಗ. 2005ರ ಏಪ್ರಿಲ್‌ನಲ್ಲಿ ಕರ್ನಾಟಕಕ್ಕೆ ವ್ಯಾಟ್ ಬಂದು, ವರ್ಷಕ್ಕೊಮ್ಮೆ ಬರುತ್ತಿದ್ದ ಕೈಚೀಲ ತಿಂಗಳಿಗೊಮ್ಮೆ ಬರತೊಡಗಿತು. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಎಂಬ ಐಟಿ ಕಂಪನಿಯ ಸುಳ್ಳು ಲೆಕ್ಕದ ಹಗರಣ ಹೊರಬಿತ್ತು. 7,561 ನಕಲಿ ಇನ್‌ವಾಯ್ಸ್‌ಗಳು ಕಂಪನಿಯದೇ ಸಾಫ್ಟ್‌ವೇರ್‌ನಲ್ಲಿ, ಉಳಿದ ಸಿಬ್ಬಂದಿಯ ಕಣ್ಣಿಗೆ ಬೀಳದಂತೆ ಅಡಗಿ ಕೂತಿದ್ದವು ಎಂದು ತನಿಖೆ ಹೇಳಿತು. ಕಂಪ್ಯೂಟರ್ ಲೆಕ್ಕ ತಪ್ಪುವುದಿಲ್ಲ ಎಂಬ ಭಕ್ತಿ ಅಂದು ಸ್ವಲ್ಪ ಅಲುಗಿತು.

2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಎಲ್ಲರೂ ತೆರಿಗೆ ದರ, ಪೋರ್ಟಲ್ ತೆರೆಯದ ಗೋಳು ಇದನ್ನೇ ಮಾತಾಡಿದರು. ನಿಯಮ 56ರ ಎಂಟನೇ ಉಪನಿಯಮ ಓದಿದವರು ಕಡಿಮೆ. ಲೆಕ್ಕದ ನಮೂದನ್ನು ಅಳಿಸಬಾರದು, ಮೇಲೆ ಮೇಲೆ ತಿದ್ದಬಾರದು, ಬರೆಯುವಾಗಿನ ಸಣ್ಣಪುಟ್ಟ ತಪ್ಪು ಬಿಟ್ಟರೆ ಉಳಿದ ತಪ್ಪನ್ನು ಗೆರೆ ಎಳೆದು ದೃಢೀಕರಿಸಿ ಸರಿಯಾದದ್ದನ್ನು ಬರೆಯಬೇಕು ಎನ್ನುತ್ತದೆ ಅದು. ಥೇಟ್ ನಮ್ಮ ಹಳೆಯ ಗುಮಾಸ್ತರ ಪಾಠ. ಅದರ ಬೆನ್ನಿಗೇ, ಲೆಕ್ಕ ಕಂಪ್ಯೂಟರಿನಲ್ಲಿದ್ದರೆ ತಿದ್ದಿದ, ಅಳಿಸಿದ ಪ್ರತಿ ನಮೂದಿನ ಲಾಗ್ ಇಡಬೇಕು ಎಂದೂ ಇದೆ. ಇದು ಕಂಪನಿಗಷ್ಟೇ ಹೇಳಿದ ಮಾತಲ್ಲ, ಜಿಎಸ್‌ಟಿ ನೋಂದಣಿ ಇರುವ ಎಲ್ಲರಿಗೂ ಹೇಳಿದ್ದು.

ಗದ್ದಲವಾದದ್ದು ಮಾತ್ರ 2021ರ ಮಾರ್ಚ್ 24ರಂದು, ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯ ಅಧಿಸೂಚನೆ ಹೊರಡಿಸಿದಾಗ. ಪ್ರತಿ ವ್ಯವಹಾರದ ಜಾಡು ಬರೆದಿಡುವ, ಆ ಜಾಡನ್ನು ಯಾರೂ ಆಫ್ ಮಾಡಲಾಗದ ಸಾಫ್ಟ್‌ವೇರನ್ನೇ ಕಂಪನಿಗಳು ಬಳಸಬೇಕು, ಅದೂ ಒಂದೇ ವಾರದಲ್ಲಿ, ಏಪ್ರಿಲ್ 1ರಿಂದ! ಸಾಫ್ಟ್‌ವೇರೇ ಸಿದ್ಧವಿರಲಿಲ್ಲ. ಗಡುವು 2022ಕ್ಕೆ, ಆಮೇಲೆ 2023ಕ್ಕೆ ಹೋಯಿತು. ಅಷ್ಟರಲ್ಲಿ ಟ್ಯಾಲಿಯವರೂ ಲಾಗ್ ನಿಲ್ಲಿಸಲು ಬಾರದ ಪ್ರತ್ಯೇಕ ಆವೃತ್ತಿ ತಂದರು. 2023ರ ಏಪ್ರಿಲ್ 1ರಿಂದ ನಿಯಮ ಜಾರಿಯಲ್ಲಿದೆ. ಲಾಗ್ ವರ್ಷಪೂರ್ತಿ ಓಡಿತೇ, ಅದನ್ನು ಯಾರಾದರೂ ತಿರುಚಿದರೇ ಎಂದು ಆಡಿಟರ್ ತಮ್ಮ ವರದಿಯಲ್ಲಿ ಹೇಳಲೇಬೇಕು. ಮೊದಲ ವರ್ಷದ ವರದಿಗಳಲ್ಲಿ ಎಡವಿದ್ದು ಚಿಕ್ಕವರಷ್ಟೇ ಅಲ್ಲ. ಪರದೆಯ ಮೇಲಿನ ತಿದ್ದುಪಡಿಗೆ ಲಾಗ್ ಇದೆ, ಹಿಂಬಾಗಿಲಿನಿಂದ ನೇರ ಡೇಟಾಬೇಸ್‌ಗೇ ಕೈಹಾಕಿದರೆ ಲಾಗ್ ಇಲ್ಲ ಎಂಬ ಷರಾ ಹಲವು ದೊಡ್ಡ ಕಂಪನಿಗಳ ವರದಿಗಳಲ್ಲೂ ಕಂಡಿತು.

ಹಾಗಾಗಿ ಮೂರು ಉತ್ತರ. ಪಾಲುದಾರಿಕೆ ಸಂಸ್ಥೆಗೆ, ಒಬ್ಬರದೇ ಹೆಸರಿನ ಅಂಗಡಿಗೆ ಕಂಪನಿ ಕಾಯ್ದೆಯ ನಿಯಮ ಅನ್ವಯಿಸದು, ಪಕ್ಕದ ಬೀದಿಯ ಆಡಿಟರ್ ಹೇಳಿದ್ದು ಸರಿ. ಜಿಎಸ್‌ಟಿ ನಂಬರ್ ಇದ್ದರೆ ಲಾಗ್ ಇಡಬೇಕಾದ ಹೊಣೆ 2017ರಿಂದಲೇ ಇದೆ, ಮೊದಲಿನವರದೂ ಸರಿ. ಇನ್ನು ಹೊಸ ಆವೃತ್ತಿ ಹಾಕಿಸಿದರೆ ತಲೆನೋವು ಹೋಗುತ್ತದೆಯೇ? ಅಂಗಡಿಯಲ್ಲಿ ಯಜಮಾನರು, ಮಗ, ಅರೆಕಾಲಿಕ ಅಕೌಂಟೆಂಟ್ ಮೂವರೂ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದರೆ 'ಯಾವಾಗ' ಎಂಬುದಷ್ಟೇ ಲಾಗ್‌ಗೆ ಗೊತ್ತಾಗುತ್ತದೆ, 'ಯಾರು' ಎಂಬುದು ಗೊತ್ತಾಗದು. ನಮ್ಮ ಬಿ.ಕಾಂ. ಪಾಠದಲ್ಲಿ ಕಂಪ್ಯೂಟರ್ ಬೇಸಿಕ್ಸ್ ಎಂದರೆ ಇವತ್ತಿಗೂ ಇನ್‌ಪುಟ್ ಸಾಧನ, ಔಟ್‌ಪುಟ್ ಸಾಧನ, ರ‍್ಯಾಮ್, ರೋಮ್. ಬಸ್ ಸ್ಟ್ಯಾಂಡ್ ಪಕ್ಕದ ಟ್ಯಾಲಿ ಕ್ಲಾಸುಗಳಲ್ಲಿ ಎಫ್4ರಿಂದ ಎಫ್9ರವರೆಗೆ ಬಾಯಿಪಾಠ. ಎಂಟ್ರಿ ಹಾಕುವವರು ಬೇರೆ, ಒಪ್ಪುವವರು ಬೇರೆ ಇರಬೇಕು, ಒಬ್ಬರ ಲಾಗಿನ್ ಇನ್ನೊಬ್ಬರು ಮುಟ್ಟಬಾರದು ಎಂಬ ಅಧ್ಯಾಯಕ್ಕೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಪರೀಕ್ಷೆ ಬಂದಿರುತ್ತದೆ.

ನಡುವೆ ಇನ್ನೊಂದು ಲೋಕವೂ ಕಂಪ್ಯೂಟರಿಗೆ ಹತ್ತುತ್ತಿದೆ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದ ಸಂತತಿಯಾದ ಹಳ್ಳಿಯ ಕೃಷಿ ಪತ್ತಿನ ಸಂಘಗಳಲ್ಲಿ ಕೈಬರಹದ ಲೆಡ್ಜರ್ ಬಹುಕಾಲ ಉಳಿದಿತ್ತು. ದೇಶದ 63,000 ಸಂಘಗಳ ಲೆಕ್ಕವನ್ನು ಒಂದೇ ಸಾಫ್ಟ್‌ವೇರಿಗೆ ತರುವ 2,516 ಕೋಟಿ ರೂಪಾಯಿ ಯೋಜನೆಗೆ 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ನಮ್ಮ ಮಂಡಿಗಳವರು ಮೂವತ್ತು ವರ್ಷ ತಿದ್ದಿ, ಅಳಿಸಿ, ಆಮೇಲೆ ಲಾಗ್‌ಗೆ ಬಂದರು. ಈ ಸಂಘಗಳ ಕಾರ್ಯದರ್ಶಿಗಳು ಗೆರೆ ಎಳೆದು ಸಹಿ ಹಾಕುವ ಪುಸ್ತಕದಿಂದ ನೇರವಾಗಿ ಸರ್ವರಿಗೆ ಜಿಗಿಯುತ್ತಿದ್ದಾರೆ.

ಮೊನ್ನೆ ಅಕ್ಕಿ ಗಿರಣಿಯವರು ಮತ್ತೆ ಬಂದಿದ್ದರು. ಎಡಿಟ್ ಲಾಗ್ ಹಾಕಿಸಿಯಾಗಿದೆ, ಮೂವರಿಗೂ ಬೇರೆ ಬೇರೆ ಪಾಸ್‌ವರ್ಡ್ ಕೂಡ ಆಗಿದೆ. ಕಂಪನಿ ಕಾಯ್ದೆಯ ಪ್ರಕಾರ ಪುಸ್ತಕಗಳನ್ನು 8 ವರ್ಷ ಕಾಪಾಡಬೇಕು, ಅದರ ಜೊತೆ ಲಾಗ್ ಕೂಡ ಉಳಿಯಬೇಕು ಎಂದೆ. 2023-24ರದ್ದು ಎಂದರೆ 2032ರ ಮಾರ್ಚ್‌ವರೆಗೆ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಈ ಕಂಪ್ಯೂಟರ್ ಅಲ್ಲೀವರೆಗೆ ಬಾಳಲ್ಲವಲ್ಲ ಸಾರ್, ಎಲ್ಲಿಡೋದು?" ಅಂದರು.