ಓದುಗರ ಪ್ರಶ್ನೆ: 'ಗೆಟ್' ಅಂದ್ರೆ 'ಪಡೆ' ಅಂತಾದರೆ, 'ಗೆಟ್ ಟಯರ್ಡ್' ಅಂದ್ರೆ ಏನು?

ಪ್ರಶ್ನೆ: 'ಗೆಟ್' ಅಂದ್ರೆ 'ಪಡೆ' ಅಂತ ಶಾಲೆಯಲ್ಲಿ ಕಲಿತಿದ್ದೆ. ಆದರೆ 'ಗೆಟ್ ಟಯರ್ಡ್', 'ಗೆಟ್ ಹೋಮ್', 'ಐ ಗಾಟ್ ಇಟ್' ಇಲ್ಲೆಲ್ಲ ಯಾರು ಏನನ್ನು ಪಡೆಯುತ್ತಾರೆ? ಈ ಕ್ರಿಯಾಪದಕ್ಕೆ ಸರಿಯಾದ ಅರ್ಥ ಒಂದನ್ನು ಹೇಳಿ.

ಒಂದೇ ಅರ್ಥ ಹೇಳೋದು ಕಷ್ಟ. ಆದರೆ ನಿಮ್ಮ ಗೊಂದಲಕ್ಕೆ ಅರ್ಧ ಕಾರಣ ಆ 'ಪಡೆ' ಅನ್ನೋ ಪದವೇ. ಮಾತಿನಲ್ಲಿ ಅದನ್ನು ಯಾರು ಬಳಸುತ್ತಾರೆ ಹೇಳಿ? 'ನಾನು ಪತ್ರ ಪಡೆದೆ' ಅಂತ ಮನೆಯಲ್ಲಿ ಯಾರೂ ಹೇಳುವುದಿಲ್ಲ. 'ನನಗೆ ಪತ್ರ ಬಂತು' ಅನ್ನುತ್ತೇವೆ.

ಈ 'ನನಗೆ' ಇದೆಯಲ್ಲ, ಕೀಲಿಕೈ ಅಲ್ಲೇ ಇದೆ. ಇವನ್ನು ಒಮ್ಮೆ ಜೋರಾಗಿ ಓದಿ: ನನಗೆ ಪತ್ರ ಬಂತು. ನನಗೆ ಕೆಲಸ ಸಿಕ್ಕಿತು. ನನಗೆ ಕೋಪ ಬಂತು. ನನಗೆ ಸುಸ್ತಾಯಿತು. ನನಗೆ ಅರ್ಥವಾಯಿತು. ಇದರಲ್ಲಿ ಎಲ್ಲೂ ನಾನು ಏನೂ ಮಾಡುತ್ತಿಲ್ಲ. ನಾನು ಸುಮ್ನೆ ಇದ್ದೇನೆ, ಪತ್ರ, ಕೆಲಸ, ಕೋಪ ಎಲ್ಲ ತಾವಾಗಿ ನನ್ನ ಹತ್ತಿರ ಬರುತ್ತಿವೆ. ಇಂಗ್ಲಿಷಿಗೆ ಇದು ಅಷ್ಟು ಒಗ್ಗುವುದಿಲ್ಲ. ಅದಕ್ಕೆ ವಾಕ್ಯದ ಮುಂದೆ 'ಐ' ಬೇಕು. ಹಾಗೆ 'ನನಗೆ' ಅನ್ನುವುದನ್ನು 'ನಾನು' ಮಾಡಿ ಮುಂದೆ ನಿಲ್ಲಿಸುವ ಕೆಲಸ ಬಹಳ ಸಲ 'ಗೆಟ್'ನದ್ದು. ಐ ಗಾಟ್ ಎ ಲೆಟರ್. ಐ ಗಾಟ್ ಎ ಜಾಬ್. ಐ ಗಾಟ್ ಆಂಗ್ರಿ. ಐ ಗಾಟ್ ಟಯರ್ಡ್. ಐ ಗಾಟ್ ಇಟ್. ನಾವು ಬರು, ಸಿಗು, ಆಗು ಅಂತ ಹಂಚಿಕೊಂಡ ಕೆಲಸವನ್ನು ಅವರು ಒಂದೇ ಪದದ ಹೆಗಲಿಗೆ ಹಾಕಿದ್ದಾರೆ.

ಹಾಗಂತ 'ಆಗು' ಬಂದಲ್ಲೆಲ್ಲ 'ಗೆಟ್' ಹಾಕಬೇಡಿ. 'ಕತ್ತಲಾಗಿದೆ' ಅನ್ನುವುದಕ್ಕೆ 'ಇಟ್ಸ್ ಡಾರ್ಕ್' ಸಾಕು. 'ಕತ್ತಲಾಗುತ್ತಾ ಇದೆ' ಅಂದಾಗ 'ಇಟ್ಸ್ ಗೆಟಿಂಗ್ ಡಾರ್ಕ್'. ಈಗ ಹೇಗಿದೆ ಅಂತಷ್ಟೇ ಹೇಳುವುದಾದರೆ 'ಗೆಟ್' ಬೇಡ, ಬದಲಾವಣೆಯನ್ನು ಹೇಳುವುದಾದರೆ ಬೇಕು. 'ಐ ಆಮ್ ಟಯರ್ಡ್', 'ಐ ಆಮ್ ಗೆಟಿಂಗ್ ಟಯರ್ಡ್' ನಡುವಿನ ವ್ಯತ್ಯಾಸವೂ ಇಷ್ಟೇ.

ಇನ್ನೊಂದು ಕಡೆ ನಾವು ಜಾಸ್ತಿ ಎಡವುತ್ತೇವೆ. ನಿದ್ದೆ ಬರುತ್ತಿದೆ ಅಂತ 'ಐ ಆಮ್ ಗೆಟಿಂಗ್ ಸ್ಲೀಪ್' ಅಂದುಬಿಡುತ್ತೇವೆ. ಕನ್ನಡದಲ್ಲಿ ನಿದ್ದೆ ಅನ್ನೋದು ಒಂದು ವಸ್ತುವಿನ ಹಾಗೆ ಬರುತ್ತದೆ, ಹೋಗುತ್ತದೆ. ಇಂಗ್ಲಿಷಿನಲ್ಲಿ ನೀವು ಹೇಗಿದ್ದೀರಿ ಅಂತ ಹೇಳುವ ಪದ ಬೇಕು: 'ಐ ಆಮ್ ಗೆಟಿಂಗ್ ಸ್ಲೀಪಿ'. ಕೋಪಕ್ಕೂ ಅಷ್ಟೇ, 'ಆಂಗರ್' ಅಲ್ಲ, 'ಆಂಗ್ರಿ'. 'ಗೆಟ್ ಸಮ್ ಸ್ಲೀಪ್' ಅನ್ನೋ ಮಾತು ಇದೆ, ತಪ್ಪೂ ಅಲ್ಲ. ಆದರೆ ಅದರ ಅರ್ಥ ಬೇರೆ: ಹೋಗಿ ಸ್ವಲ್ಪ ನಿದ್ದೆ ಮಾಡು.

'ಗೆಟ್ ಹೋಮ್' ಸುಲಭ. 'ಗೋ' ಅಂದರೆ ಹೋಗುವುದು, 'ಗೆಟ್' ಅಂದರೆ ಮುಟ್ಟುವುದು. 'ವಾಟ್ ಟೈಮ್ ಡಿಡ್ ಯು ಗೆಟ್ ಹೋಮ್' ಅಂದರೆ ಮನೆ ಮುಟ್ಟಿದ್ದು ಎಷ್ಟು ಗಂಟೆಗೆ ಅಂತ. ಸ್ಟೇಷನ್ನಿಗೆ, ಆಫೀಸಿಗೆ ಆದರೆ ನಡುವೆ 'ಟು' ಬರುತ್ತದೆ. 'ಹೋಮ್', 'ಹಿಯರ್', 'ದೇರ್' ಇವಕ್ಕೆ ಬರುವುದಿಲ್ಲ.

ಈಗ ನನಗೆ ಇಷ್ಟವಾದ ಭಾಗ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಲ್ಯಾಪ್‌ಟಾಪ್ ಕೆಟ್ಟಿತ್ತು. ರಿಪೇರಿ ಮಾಡಿಸಿಕೊಂಡು ಬಂದೆ. ಪಕ್ಕದಲ್ಲಿದ್ದವರು ಏನಾಯಿತು ಅಂತ ಕೇಳಿದರು. 'ಐ ರಿಪೇರ್ಡ್ ಮೈ ಲ್ಯಾಪ್‌ಟಾಪ್' ಅಂದೆ, ಬಹಳ ಧೈರ್ಯದಿಂದ. ಮಾರನೇ ದಿನ ಅವರು ತಮ್ಮ ಹಳೇ ಲ್ಯಾಪ್‌ಟಾಪನ್ನೂ ತಂದು ನನ್ನ ಮೇಜಿನ ಮೇಲೆ ಇಟ್ಟರು. ಬಿಡುವಾದಾಗ ಇದನ್ನೂ ನೋಡಿ ಅಂತ! ಸ್ಕ್ರೂ ಬಿಚ್ಚೋಕೂ ಬಾರದ ನಾನು ಅವತ್ತು 'ಗೆಟ್' ಕಲಿತೆ.

ಕನ್ನಡದಲ್ಲಿ 'ಮಾಡಿದೆ' ಬೇರೆ, 'ಮಾಡಿಸಿದೆ' ಬೇರೆ. ನಡುವಿನ ಒಂದು 'ಇಸು' ಇಡೀ ಕಥೆ ಹೇಳುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಅಂಥ ಬಾಲ ಇಲ್ಲ. ಅದರ ಬದಲು ಅವರು 'ಗೆಟ್' ಹಾಕಿ, ನಡುವೆ ವಸ್ತು ಇಟ್ಟು, ಕ್ರಿಯಾಪದದ ಮೂರನೇ ರೂಪವನ್ನು ಕೊನೆಗೆ ತರುತ್ತಾರೆ: 'ಐ ಗಾಟ್ ಮೈ ಲ್ಯಾಪ್‌ಟಾಪ್ ರಿಪೇರ್ಡ್'. ಬಟ್ಟೆ ಹೊಲಿಸಿದರೆ, ಗೋಡೆಗೆ ಬಣ್ಣ ಹೊಡೆಸಿದರೆ, ಫೋಟೋ ತೆಗೆಸಿದರೆ ಎಲ್ಲಕ್ಕೂ ಇದೇ ಅಚ್ಚು. 'ಗೆಟ್' ಜಾಗದಲ್ಲಿ 'ಹ್ಯಾವ್' ಕೂಡ ನಡೆಯುತ್ತದೆ. ಮಾಡಿಸಿದ್ದು ಯಾರ ಕೈಲಿ ಅಂತ ಹೇಳಬೇಕಾದರೆ ಮಾತ್ರ ಸ್ವಲ್ಪ ಬದಲಾಗುತ್ತದೆ. 'ತಮ್ಮನ ಕೈಲಿ ಬಾಗಿಲು ತೆಗೆಸಿದೆ' ಅನ್ನುವುದು 'ಐ ಗಾಟ್ ಮೈ ಬ್ರದರ್ ಟು ಓಪನ್ ದ ಡೋರ್'. ಆ 'ಟು' ಮರೆಯಬೇಡಿ.

ಇಲ್ಲೊಂದು ತಮಾಷೆ ನೋಡಿ. 'ಬೈಸಿಕೊಂಡೆ' ಅನ್ನುತ್ತೇವೆ ಅಲ್ವಾ? ಬೈಗುಳ ಬೇಕು ಅಂತ ಯಾರೂ ಕೇಳಿಕೊಂಡು ಹೋಗುವುದಿಲ್ಲ. ಆದರೂ 'ಮಾಡಿಸಿಕೊಂಡೆ' ಥರವೇ 'ಬೈಸಿಕೊಂಡೆ', 'ಹೊಡೆಸಿಕೊಂಡೆ'. ಇಂಗ್ಲಿಷಿನಲ್ಲೂ ಅಲ್ಲಿ ಬರುವುದು ಇದೇ 'ಗೆಟ್': 'ಐ ಗಾಟ್ ಸ್ಕೋಲ್ಡೆಡ್', 'ಹಿ ಗಾಟ್ ಬೀಟನ್'. ಸಂಬಂಧವೇ ಇಲ್ಲದ ಎರಡು ಭಾಷೆಗಳು ಹೀಗೆ ಒಂದೇ ಜಾಗದಲ್ಲಿ ಎದುರಾಗುವುದು ನನಗಂತೂ ಖುಷಿ ಕೊಡುತ್ತದೆ. ಒದೆ 'ತಿನ್ನುವ' ಭಾಗ್ಯ ಮಾತ್ರ ಅವರಿಗಿಲ್ಲ.

'ಗಾಟ್' ಬಗ್ಗೆ ಒಂದೆರಡು ಮಾತು. ಬ್ರಿಟನ್ನಿನಲ್ಲಿ ಎರಡನೇ ರೂಪ, ಮೂರನೇ ರೂಪ ಎರಡೂ ಸಾಮಾನ್ಯವಾಗಿ 'ಗಾಟ್'. ಅಮೆರಿಕದವರು ಮೂರನೆಯದಕ್ಕೆ 'ಗಾಟನ್' ಅನ್ನುತ್ತಾರೆ. ಅದು ಅವರು ಹುಟ್ಟಿಸಿದ್ದಲ್ಲ, ಇಂಗ್ಲೆಂಡಿನಲ್ಲೇ ಇದ್ದ ಹಳೇ ರೂಪ. ಆದರೆ 'ಐ ಹ್ಯಾವ್ ಗಾಟ್ ಎ ಪೆನ್' ಅಂದರೆ ಪೆನ್ನು ಇದೆ ಅಂತಷ್ಟೇ, ಅಲ್ಲಿ ಅಮೆರಿಕದವರೂ 'ಗಾಟನ್' ಹಾಕುವುದಿಲ್ಲ. ಇನ್ನು 'ಐ ಗಾಟ್ ಟು ಸೀ ಹರ್', 'ಐ ಹ್ಯಾವ್ ಗಾಟ್ ಟು ಸೀ ಹರ್' ಇವೆರಡನ್ನು ಬೆರೆಸಬೇಡಿ. ಮೊದಲನೆಯದು ಅವಳನ್ನು ನೋಡುವ ಅವಕಾಶ ಸಿಕ್ಕಿತು ಅಂತ, ಎರಡನೆಯದು ನೋಡಲೇಬೇಕು ಅಂತ. ಆಡುಮಾತಿನಲ್ಲಿ ಆ 'ಹ್ಯಾವ್' ಬಿದ್ದುಹೋಗುವುದೂ ಉಂಟು. ಆಗ ಸಂದರ್ಭ ನೋಡಿಯೇ ತಿಳಿಯಬೇಕು.

'ಗೆಟ್' ಪದ ಬಂದದ್ದು ವೈಕಿಂಗರ ಭಾಷೆಯಾದ ಹಳೇ ನಾರ್ಸ್‌ನಿಂದ. ಅಲ್ಲಿ ಅದು 'ಗೆಟ'. 'ಫರ್ಗೆಟ್' ಮಾತ್ರ ಹಳೇ ಇಂಗ್ಲಿಷಿನಲ್ಲೇ ಇತ್ತು, ಬೇರು ಎರಡಕ್ಕೂ ಒಂದೇ, 'ಹಿಡಿ' ಅನ್ನುವ ಅರ್ಥದ್ದು. ಹಿಡಿದದ್ದು ಕೈ ತಪ್ಪಿದರೆ ಮರೆವು.

ಒಂದು ಎಚ್ಚರಿಕೆ. ಮಾತಿಗೆ, ಗೆಳೆಯರ ಮೆಸೇಜಿಗೆ 'ಗೆಟ್' ಚೆನ್ನ. ಅರ್ಜಿ, ವರದಿ, ಆಫೀಸಿನ ಪತ್ರ ಬರೆಯುವಾಗ ಅದು ಸ್ವಲ್ಪ ಸಡಿಲ ಅನಿಸುತ್ತದೆ. ಪತ್ರ ಬಂದಿದ್ದಕ್ಕೆ 'ರಿಸೀವ್', ಅನುಮತಿ ಸಿಕ್ಕಿದ್ದಕ್ಕೆ 'ಅಬ್ಟೇನ್' ಬರೆಯಿರಿ. ಶಾಲೆಯಲ್ಲಿ ಕಲಿತ ಆ 'ಪಡೆ'ಗೆ ನಿಜವಾದ ಜೋಡಿ ಈ ಎರಡು.