ಸರ್ಫಿಂಗ್ ಪಾಠದಲ್ಲಿ ಸದ್ದಿಲ್ಲದ ಅಪಾಯಗಳು

ಸರ್ಫಿಂಗ್‌ನಲ್ಲಿ ಅಪಾಯ ಅಂದರೆ ಬಹಳ ಜನರಿಗೆ ಮೊದಲು ನೆನಪಾಗುವುದು ಶಾರ್ಕ್. ಆದರೆ ಕಲಿಯುವವರಿಗೆ ಜಾಸ್ತಿ ಪೆಟ್ಟು ಬೀಳುವುದು ಅವರದೇ ಬೋರ್ಡಿನಿಂದ. ಅಲೆ ಎತ್ತಿ ಎಸೆದ ಬೋರ್ಡ್ ತಲೆಗೋ ಮುಖಕ್ಕೋ ಬಡಿಯುತ್ತದೆ. ಅದರ ಅಡಿಯಲ್ಲಿರುವ, ಮೀನಿನ ರೆಕ್ಕೆಯಂಥ ಫಿನ್ ಕಾಲು ಕೊಯ್ಯುತ್ತದೆ. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗಕ್ಕೆ ಲೀಶ್ ಎನ್ನುತ್ತಾರೆ. ಅದು ಹಿಗ್ಗಿ ಮತ್ತೆ ಕುಗ್ಗುವಾಗ ಬೋರ್ಡನ್ನು ನಮ್ಮ ಕಡೆಗೇ ಎಳೆದು ತರುತ್ತದೆ. ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ಉಡುಪುಗಳಾದ ವೆಟ್‌ಸೂಟ್‌ಗಳಿಂದ ಹೆಸರಾದ ಜ್ಯಾಕ್ ಓನೀಲ್ 1970ರ ದಶಕದ ಆರಂಭದಲ್ಲಿ ಒಂದು ಕಣ್ಣು ಕಳೆದುಕೊಂಡದ್ದು ಲೀಶ್‌ನಿಂದಲೇ. ಹಾಗಾಗಿ ಹೊಸಬರಿಗೆ ಮೆತ್ತನೆಯ ಫೋಮ್ ಬೋರ್ಡ್ ಕೊಡುತ್ತಾರೆ. ಬಿದ್ದಾಗ ಎರಡೂ ಕೈಗಳನ್ನು ತಲೆಗೆ ಅಡ್ಡ ಹಿಡಿದುಕೊಂಡೇ ಮೇಲೆ ಬರಬೇಕು ಎಂದು ಮೊದಲ ದಿನವೇ ಹೇಳಿಕೊಡುತ್ತಾರೆ.

ರಕ್ತ ನೋಡಿದರೆ ಗಾಬರಿಯಾಗುತ್ತದೆ, ನಿಜ. ಆದರೆ ಅದು ಎಲ್ಲರ ಕಣ್ಣಿಗೂ ಬೀಳುವ ಗಾಯ. ಸ್ವಚ್ಛ ಬಟ್ಟೆಯಿಂದ ಬಿಡದೆ ಗಟ್ಟಿಯಾಗಿ ಒತ್ತಿ ಹಿಡಿದರೆ ಬಹುಪಾಲು ನಿಲ್ಲುತ್ತದೆ. ನನಗೆ ಹೆಚ್ಚು ಭಯ ಸದ್ದೇ ಮಾಡದ ಅಪಾಯಗಳದ್ದು.

ಮುಳುಗುವುದನ್ನೇ ನೋಡಿ. ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಎಂದುಕೊಂಡಿರುತ್ತೇವೆ, ಅಲ್ವಾ? ನ್ಯೂಯಾರ್ಕಿನ ಕಡಲತೀರದಲ್ಲಿ ಲೈಫ್‌ಗಾರ್ಡ್ ಆಗಿದ್ದ ಫ್ರಾಂಕ್ ಪಿಯಾ ನಿಜವಾಗಿ ಮುಳುಗುತ್ತಿದ್ದವರನ್ನು ಚಿತ್ರೀಕರಿಸಿ, ಹಾಗಲ್ಲ ಎಂದು ತೋರಿಸಿದರು. ಬಾಯಿ ನೀರಿನ ಮಟ್ಟದಲ್ಲಿ ಏಳುತ್ತ ಮುಳುಗುತ್ತ ಇರುತ್ತದೆ. ಸಿಕ್ಕ ಚೂರು ಸಮಯ ಉಸಿರಿಗೇ ಸಾಲದು, ಇನ್ನು ಕೂಗುವುದೆಲ್ಲಿ? ಕೈಗಳು ತಮ್ಮಷ್ಟಕ್ಕೆ ಅಕ್ಕಪಕ್ಕದ ನೀರನ್ನು ಕೆಳಕ್ಕೆ ಒತ್ತುತ್ತವೆ. ತಲೆ ಹಿಂದಕ್ಕೆ ವಾಲಿರುತ್ತದೆ. ದೂರದಿಂದ ನೋಡಿದರೆ ಏಣಿ ಹತ್ತಲು ಹೆಣಗುತ್ತಿರುವ ಹಾಗೆ ಕಾಣುತ್ತದೆ. ಈ ಸ್ಥಿತಿ ಇರುವುದು ಸುಮಾರು 20ರಿಂದ 60 ಸೆಕೆಂಡ್ ಮಾತ್ರ, ಆಮೇಲೆ ಮುಳುಗಿಬಿಡುತ್ತಾರೆ. ಅದಕ್ಕೇ ಕೋಚ್ ಆದವರು ಕೂಗಿಗೆ ಕಾಯಬಾರದು. ಆಗಾಗ ತಲೆ ಎಣಿಸುತ್ತಿರಬೇಕು. ರಕ್ಷಿಸಲು ಹೋಗುವಾಗ ತೇಲುವಂಥದ್ದೇನಾದರೂ ಜೊತೆಗಿರಲೇಬೇಕು. ಬೋರ್ಡನ್ನು ನಡುವೆ ಇಟ್ಟುಕೊಂಡು ಹೋದರೆ ಮುಳುಗುವವರು ಬೋರ್ಡನ್ನು ಹಿಡಿಯುತ್ತಾರೆ, ಕೋಚ್‌ನ ಕುತ್ತಿಗೆಯನ್ನಲ್ಲ.

ದಡಕ್ಕೆ ತಂದಾಗ ಉಸಿರಿಲ್ಲದಿದ್ದರೆ? ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಹೃದಯದ ತೊಂದರೆಯಿಂದ ಯಾರಾದರೂ ದಿಢೀರನೆ ಕುಸಿದಾಗ ಅವರ ರಕ್ತದಲ್ಲಿ ಇನ್ನೂ ಸ್ವಲ್ಪ ಹೊತ್ತಿಗಾಗುವಷ್ಟು ಆಮ್ಲಜನಕ ಇರುತ್ತದೆ. ಆಗ ಎದೆ ಒತ್ತುವುದೊಂದೇ ಕೂಡ ಪ್ರಯೋಜನಕ್ಕೆ ಬರುತ್ತದೆ. ಮುಳುಗಿದವರಲ್ಲಿ ಹೃದಯ ನಿಲ್ಲುವುದೇ ಆಮ್ಲಜನಕ ಮುಗಿದು ಹೋದದ್ದರಿಂದ. ಬರೀ ಎದೆ ಒತ್ತಿದರೆ ಖಾಲಿ ರಕ್ತ ಸುಮ್ನೆ ಸುತ್ತುತ್ತದೆ, ಅಷ್ಟೆ. ಆದ್ದರಿಂದ ಮೊದಲು ಬಾಯಿಯಿಂದ ಉಸಿರು ಕೊಡಬೇಕು. ಕೆಲವು ದೇಶಗಳ ಪಾಠದಲ್ಲಿ 2, ಕೆಲವು ಕಡೆ 5 ಸಲ. ಆಮೇಲೆ 30 ಸಲ ಎದೆ ಒತ್ತುವುದು, 2 ಸಲ ಉಸಿರು, ಹೀಗೇ ಮುಂದುವರಿಸಬೇಕು. ದೊಡ್ಡವರಿಗಾದರೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಹೊಟ್ಟೆ ಅಮುಕಿ ನೀರು ತೆಗೆಯುವ ಹಳೆಯ ಅಭ್ಯಾಸವನ್ನು ದಯವಿಟ್ಟು ಬಿಡಿ. ಅದರಿಂದ ಸಮಯ ಹಾಳು. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಬೇರೆ. ಉಸಿರು ಮರಳಿದ ಮೇಲೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಆಳವಿಲ್ಲದ ನೀರಿಗೆ ತಲೆ ಕೆಳಗಾಗಿ ಬಿದ್ದವರ ಕುತ್ತಿಗೆ ಮುರಿದಿರಬಹುದು. ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ಹಿಡಿದು ತೇಲಿಸುತ್ತಾ ತರಬೇಕು. ಆದರೆ ಉಸಿರು ನಿಂತಿದ್ದರೆ ಉಸಿರಿಗೇ ಮೊದಲ ಸ್ಥಾನ.

ಕಡಲಿನ ಜೀವಿಗಳ ವಿಷಯ ಇಷ್ಟು. ತೊರಕೆ ಮೀನಿನ ಬಾಲದ ಮುಳ್ಳು ಕಾಲಿಗೆ ಚುಚ್ಚಿದರೆ, ಚರ್ಮ ಸುಡದಷ್ಟು ಬಿಸಿಯ ನೀರಿನಲ್ಲಿ, ಅಂದರೆ ಹೆಚ್ಚೆಂದರೆ 45 ಡಿಗ್ರಿ ಸೆಲ್ಸಿಯಸ್, ಕಾಲು ಮುಳುಗಿಸಿಟ್ಟರೆ ನೋವು ಇಳಿಯುತ್ತದೆ. ಎದೆಗೋ ಹೊಟ್ಟೆಗೋ ಚುಚ್ಚಿಕೊಂಡ ಮುಳ್ಳನ್ನು ಮಾತ್ರ ಕೀಳಬಾರದು. ಜೆಲ್ಲಿಫಿಶ್ ಕುಟುಕಿದ ಜಾಗಕ್ಕೆ ಮರಳು ಹಾಕಿ ಉಜ್ಜಬಾರದು.

ಕೊನೆಯದು ಕೋಚ್‌ಗಳಲ್ಲೂ ಎಲ್ಲರಿಗೂ ಗೊತ್ತಿರದ ತೊಂದರೆ. 2004ರಲ್ಲಿ ಹವಾಯಿಯ ವೈದ್ಯರು 9 ರೋಗಿಗಳ ಬಗ್ಗೆ ಬರೆದರು. ಎಲ್ಲರೂ ಹೊಸದಾಗಿ ಸರ್ಫಿಂಗ್ ಕಲಿಯುತ್ತಿದ್ದವರು. ಯಾರಿಗೂ ಪೆಟ್ಟು ಬಿದ್ದಿರಲಿಲ್ಲ. ಆದರೂ ಮೊದಲು ಬೆನ್ನು ನೋವು, ಆಮೇಲೆ ಕಾಲುಗಳಲ್ಲಿ ಶಕ್ತಿಯೇ ಇಲ್ಲ. ಇದನ್ನು ಸರ್ಫರ್ಸ್ ಮೈಲೋಪತಿ ಎನ್ನುತ್ತಾರೆ. ಬೋರ್ಡಿನ ಮೇಲೆ ಬೋರಲು ಮಲಗಿ, ಬೆನ್ನನ್ನು ಹಿಂದಕ್ಕೆ ಬಾಗಿಸಿ, ತುಂಬ ಹೊತ್ತು ಅಲೆಗೆ ಕಾಯುವಾಗ ಬೆನ್ನುಹುರಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ ಎಂಬುದು ವೈದ್ಯರ ಅಂದಾಜು. ಅಪರೂಪದ ತೊಂದರೆ ಇದು. ಆದರೆ ಕೆಲವರಿಗೆ ನಡೆಯುವ ಶಕ್ತಿ ಮರಳುವುದೇ ಇಲ್ಲ.

ಹಾಗಾಗಿ ಕಾಯುವಾಗ ಬೋರ್ಡಿನ ಮೇಲೆ ಎದ್ದು ಕೂರಲು ಕಲಿಸಬೇಕು. ಬೆನ್ನು ದಿಢೀರನೆ ನೋವು ಅಂದವರನ್ನು, ಕಾಲು ಜೋಮು ಹಿಡಿದಿದೆ ಅಂದವರನ್ನು "ಇನ್ನೊಂದು ಅಲೆ ನೋಡೋಣ" ಎಂದು ಹುರಿದುಂಬಿಸಬಾರದು. ಆಗಲೇ ನೀರಿನಿಂದ ಹೊರಗೆ ತರಬೇಕು. ಕಾಲಿನ ಬಲ ಕುಗ್ಗಿದ್ದರೆ, ಮೂತ್ರ ಕಟ್ಟಿದ್ದರೆ ತಡಮಾಡದೆ ಆಸ್ಪತ್ರೆ. ಅಲ್ಲಿ ಇದು ಸರ್ಫಿಂಗ್ ಪಾಠದ ವೇಳೆ ಶುರುವಾಯಿತು ಎಂದು ತಪ್ಪದೆ ಹೇಳಬೇಕು. ಬಿದ್ದ ಗುರುತು ಮೈಮೇಲೆ ಎಲ್ಲೂ ಇರದ ಕಾರಣ ವೈದ್ಯರಿಗೂ ಇದು ಕೂಡಲೇ ಹೊಳೆಯದೇ ಇರಬಹುದು.